ದುರಸ್ತಿಗೆ ಯೋಗ್ಯವಲ್ಲದ ಹನ್ನೆರಡು ಕುರ್ಚಿ

ಹಳಿಯಾಳದ ಒಂದು ಸರಕಾರಿ ಕಚೇರಿಯಲ್ಲಿ ಶಂಕ್ರಪ್ಪ ಹೆಡ್‌ಕ್ಲಾರ್ಕ್ ಆಗಿದ್ದ. ಯಾವ ಕಚೇರಿ ಎಂದು ಕೇಳಬೇಡಿ. ಊರಲ್ಲಿ ಕಚೇರಿಗಳು ಬಹಳ, ಎಲ್ಲದರಲ್ಲೂ ಕುರ್ಚಿಗಳಿದ್ದವು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಶಂಕ್ರಪ್ಪ ಸುಳ್ಳು ಬರೆದ ಕಾಗದಕ್ಕೆ ಒಮ್ಮೆಯೂ ಸಹಿ ಹಾಕಿರಲಿಲ್ಲ. ಇದನ್ನು ಅವನು ದೊಡ್ಡಸ್ತಿಕೆ ಎಂದು ಹೇಳಿಕೊಳ್ಳುತ್ತಿರಲಿಲ್ಲ. ಸುಳ್ಳು ಬರೆದರೆ ಮುಂದೆ ಅದನ್ನು ನೆನಪಿಟ್ಟುಕೊಳ್ಳಬೇಕಾಗುತ್ತದೆ, ತನ್ನ ತಲೆಯಲ್ಲಿ ಅಷ್ಟು ಜಾಗ ಇಲ್ಲ ಎನ್ನುತ್ತಿದ್ದ.

ಅದು ಅರವತ್ಮೂರನೇ ಇಸವಿ. ಆ ಸೀಮೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಏಳು ವರ್ಷವಾಗಿತ್ತು. ಸಾಹೇಬರು ಮೈಸೂರಿನವರು ಬಂದಿದ್ದರು, ಮೊಹರು ಬದಲಾಗಿತ್ತು, ಗೋಡೆಯ ಮೇಲಿನ ನಕಾಶೆ ಬದಲಾಗಿತ್ತು. ಕುರ್ಚಿಗಳು ಮಾತ್ರ ಮುಂಬೈಯವೇ ಉಳಿದಿದ್ದವು. ಹನ್ನೆರಡು ಸಾಗವಾನಿ ಕುರ್ಚಿ, ಬೆತ್ತದ ಹೆಣಿಕೆಯವು. ಒಂದರ ಬೆತ್ತ ಜೋತು ಬಿದ್ದಿತ್ತು, ಇನ್ನೊಂದರ ಕಾಲು ಅಲುಗುತ್ತಿತ್ತು, ಮತ್ತೊಂದಕ್ಕೆ ಎಡಗೈ ಇರಲಿಲ್ಲ. ಶಂಕ್ರಪ್ಪ ಹನ್ನೊಂದು ವರ್ಷದಿಂದ ಏಳನೇ ನಂಬರಿನ ಕುರ್ಚಿಯಲ್ಲಿ ಕೂತಿದ್ದ. ಅದರ ಬೆತ್ತ ಹರಿದಲ್ಲಿ ಒಂದು ಹಳೆಯ ಕಡತ ಹಾಸಿಕೊಂಡಿದ್ದ. ಅದರ ಮೇಲೆ ಅವನಿಗೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಕಾಲಿಗೆ ಹಾಕಿದ ಚಪ್ಪಲಿಯ ಮೇಲೆ ಯಾರಿಗಾದರೂ ಪ್ರೀತಿ ಇರುತ್ತದೆಯೆ?

ಸಾಹೇಬರಿಗೆ ಹೊಸ ಕುರ್ಚಿ ಬೇಕಾಗಿತ್ತು. ಹಳೆಯವು ಕೆಟ್ಟುಹೋಗಿವೆ ಎಂದು ತೋರಿಸದೆ ಹೊಸವು ಮಂಜೂರಾಗುವುದಿಲ್ಲ. ಸಾಹೇಬರು ಕುರ್ಚಿಗಳನ್ನು ಬಾಗಿಲಲ್ಲಿ ನಿಂತೇ ನೋಡಿ ‘ದುರಸ್ತಿಗೆ ಯೋಗ್ಯವಲ್ಲ’ ಎಂದು ಬರೆದು ಕಳಿಸಿದರು. ಮೇಲಿನ ಕಚೇರಿಯಿಂದ ಉತ್ತರ ಬಂತು: ಹೊಸ ಕುರ್ಚಿ ಕೊಳ್ಳಬಹುದು, ಹಳೆಯವನ್ನು ಹೆಡ್‌ಕ್ಲಾರ್ಕರ ಸಮಕ್ಷಮ ಸುಟ್ಟು ವರದಿ ಕೊಡತಕ್ಕದ್ದು.

ದೀಪಾವಳಿ ಕಳೆದ ಮೇಲೆ ಒಂದು ದಿನ ಹಿತ್ತಿಲಲ್ಲಿ ಕುರ್ಚಿಗಳನ್ನು ಒಟ್ಟಿದರು. ಹಿಂದಿನ ದಿನ ಜಿಟಿಜಿಟಿ ಮಳೆ ಬಂದು ನೆಲ ಹಸಿಯಾಗಿತ್ತು. ಕಚೇರಿಯ ಸಿಪಾಯಿ ಗೂಳಪ್ಪ, ತಲೆ ನೆರೆತ ಮನುಷ್ಯ, ಚಿಮಣಿ ಎಣ್ಣೆ ಸುರಿದು ಕಡ್ಡಿ ಗೀರಿದ. ಬೆತ್ತ ಚಟಪಟ ಎಂದು ಕ್ಷಣದಲ್ಲಿ ಉರಿದು ಹೋಯಿತು. ಸಾಗವಾನಿ ಮಾತ್ರ ಮೈಮೇಲೆ ಸ್ವಲ್ಪ ಕಪ್ಪು ಹಚ್ಚಿಕೊಂಡು ಸುಮ್ಮನೆ ಕೂತಿತು.

“ಹತ್ತವಲ್ದು ಬಿಡ್ರಿ ಇದು,” ಎಂದ ಗೂಳಪ್ಪ.

“ಹತ್ತತೈತಿ. ಇನ್ನಷ್ಟು ಎಣ್ಣಿ ಹಾಕು,” ಎಂದ ಶಂಕ್ರಪ್ಪ.

ಅಷ್ಟರಲ್ಲಿ ಒಳಗಿನಿಂದ ಸಾಹೇಬರು ಕರೆದರು. ಸಂಜೆಯ ಟಪಾಲಿಗೆ ವರದಿ ಹೋಗಬೇಕು, ಬೇಗ ಬರೆಯಿರಿ ಎಂದರು. ಶಂಕ್ರಪ್ಪ ಕಿಟಕಿಯಿಂದ ನೋಡಿದ. ಹೊಗೆ ಏಳುತ್ತಿತ್ತು. ‘ಹನ್ನೆರಡು ಕುರ್ಚಿಗಳನ್ನು ನನ್ನ ಸಮಕ್ಷಮ ಸುಡಲಾಯಿತು’ ಎಂದು ಬರೆದು ಸಹಿ ಹಾಕಿದ. ಹೊರಗೆ ಬಂದಾಗ ಹಿತ್ತಿಲಲ್ಲಿ ಬೂದಿ ಇತ್ತು. ಅದು ಎಷ್ಟು ಕುರ್ಚಿಯ ಬೂದಿ ಎಂದು ಲೆಕ್ಕ ಹಾಕುವ ಕಲೆ ಅವನಿಗೆ ಗೊತ್ತಿರಲಿಲ್ಲ.

ಹೊಸ ಕುರ್ಚಿಗಳು ಬಂದವು. ಥಳಥಳ ಹೊಳೆಯುತ್ತಿದ್ದವು. ಮೊದಲ ವಾರ ಎಲ್ಲರ ಧೋತರಕ್ಕೂ ಪ್ಯಾಂಟಿಗೂ ವಾರ್ನಿಶ್ ಹತ್ತಿತು, ಎರಡನೇ ವಾರ ನಿಂತಿತು. ಸಾಹೇಬರು ದಿನಕ್ಕೆ ಎರಡು ಸಲ ತಮ್ಮ ಕುರ್ಚಿಯ ಕೈಯನ್ನು ಸವರಿ “ಈಗ ನೋಡಿ, ಕಚೇರಿ ಅಂದ್ರೆ ಹೀಗಿರಬೇಕು” ಎನ್ನುತ್ತಿದ್ದರು.

ಮಾಘ ಮಾಸದ ಹೊತ್ತಿಗೆ ಶಂಕ್ರಪ್ಪನ ಟೊಂಕ ಹಿಡಿಯಿತು. ಹೊಸ ಕುರ್ಚಿಯ ಬೆನ್ನು ಗೋಡೆಯ ಹಾಗೆ ನೆಟ್ಟಗೆ, ಕೂರುವ ಹಲಗೆ ಹೊಲದ ಬದುವಿನ ಹಾಗೆ ಉಬ್ಬಿಕೊಂಡಿತ್ತು. ಕೂತರೆ ಏಳಲು ಬಾರದು, ಎದ್ದರೆ ಕೂರಲು ಬಾರದು. ಹೆಂಡತಿ ಶಿವಗಂಗವ್ವ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು, ಎಳ್ಳೆಣ್ಣೆ ತಿಕ್ಕಿದಳು, ಪಾಳಾ ಎಂಬ ಊರಿನ ಒಬ್ಬ ಔಷಧಿಯವನಿಂದ ಯಾವುದೋ ಬೇರು ತರಿಸಿ ಅರೆದು ಹಚ್ಚಿದಳು. ಬೇರಿನಿಂದ ಚರ್ಮ ಕೆಂಪಾಯಿತು, ನೋವು ಇದ್ದಲ್ಲೇ ಇತ್ತು. ಶಂಕ್ರಪ್ಪ ಬಾಗಿಕೊಂಡು ಕಚೇರಿಗೆ ಹೋಗುವುದನ್ನು ಕಂಡು ಸಾಹೇಬರು ಇವನಿಗೆ ಈಚೆಗೆ ವಿನಯ ಹೆಚ್ಚಾಗಿದೆ ಎಂದು ತಿಳಿದರು.

ಬಿಸಿಲು ಏರಿದ ಹಾಗೆ ಹೊಸ ಕುರ್ಚಿಗಳು ಮಾತಾಡತೊಡಗಿದವು. ಹಸಿ ಕಟ್ಟಿಗೆ ಒಣಗಿ ಕುಗ್ಗಿ, ಸಂದುಸಂದುಗಳಲ್ಲಿ ‘ಕಿಂಯ್’ ಎನ್ನುತ್ತಿದ್ದವು. ಹನ್ನೆರಡು ಜನ ಕೂತು ಬರೆಯುವಾಗ ಕಚೇರಿಯಲ್ಲಿ ನಾಯಿಮರಿಗಳನ್ನು ಸಾಕಿದ ಹಾಗೆ ಕೇಳಿಸುತ್ತಿತ್ತು. ಮಾರ್ಚ್ ಕೊನೆಯಲ್ಲಿ ಎರಡು ಕುರ್ಚಿ ಮುರಿದವು. ಏಪ್ರಿಲಿನಲ್ಲಿ ಮೇಲಿನ ಕಚೇರಿಯಿಂದ ತಪಾಸಣೆಯ ಅಧಿಕಾರಿ ಬಂದರು. ಅವರನ್ನು ಸಾಹೇಬರು ತಮ್ಮದೇ ಕುರ್ಚಿಯಲ್ಲಿ ಕೂರಿಸಿದರು. ಆ ಅಧಿಕಾರಿ ಚಹಾದ ಬಶಿ ಎತ್ತಿದರು, ಹಿಂದಕ್ಕೆ ಒರಗಿದರು, ಆಮೇಲೆ ನೆಲದ ಮೇಲೆ ಇದ್ದರು. ಯಾರೂ ನಗಲಿಲ್ಲ. ಅವರು ಎದ್ದು ಧೂಳು ಕೊಡವಿಕೊಂಡು, ಉಳಿದ ತಪಾಸಣೆಯನ್ನು ನಿಂತೇ ಮುಗಿಸಿ, ಟಿಪ್ಪಣಿಯಲ್ಲಿ ‘ಪೀಠೋಪಕರಣ ತೃಪ್ತಿಕರವಾಗಿಲ್ಲ’ ಎಂದು ಬರೆದು ಹೋದರು.

ಆ ಭಾನುವಾರ ಶಿವಗಂಗವ್ವ ಗಂಡನಿಗೆ ಹೇಳಿದಳು: “ದಾಂಡೇಲಿ ರಸ್ತಾದಾಗ ಜರೀನಾ ಅಂತ ಒಬ್ಬಾಕಿ ಅದಾಳಂತರಿ. ಮುರಕ ಕುರ್ಚಿ, ಮಂಚ ಎಲ್ಲಾ ನೆಟ್ಟಗ ಮಾಡ್ತಾಳಂತ. ಹೋಗಿ ಒಂದು ಬೆತ್ತದ ಕುರ್ಚಿ ನೋಡಿ ಬರ್ರಿ. ನಿಮ್ಮ ಟೊಂಕಕ್ಕ ಎಣ್ಣಿ ತಿಕ್ಕಿ ತಿಕ್ಕಿ ನನ್ನ ಟೊಂಕ ಹೋಗೇತಿ.”

ಶಂಕ್ರಪ್ಪ ಬಾಗಿಕೊಂಡೇ ಹೋದ.

ಜರೀನಾಳ ಮನೆ ಊರ ಹೊರಗಿತ್ತು. ಗಂಡ ಸಿಕಂದರ ಕಾಗದದ ಮಿಲ್ಲಿಗೆ ಬಿದಿರು ಹೊರುವ ಲಾರಿ ಓಡಿಸುತ್ತಿದ್ದ. ಜೋಯಿಡಾ, ಅನಮೋಡದ ಕಡೆ ಹೋದಾಗ ಅರಣ್ಯದ ಪಾಸು ಮಾಡಿಸಿ ಬೆತ್ತದ ಹೊರೆ ತಂದು ಹಾಕುತ್ತಿದ್ದ. ಉಳಿದದ್ದೆಲ್ಲ ಜರೀನಾಳ ಕೆಲಸ. ಅವಳ ಅಪ್ಪ ಬೆಳಗಾವಿಯ ದಂಡಿನಲ್ಲಿ ಗೋರಾ ಸಾಹೇಬರ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದನಂತೆ. ಗಂಡುಮಕ್ಕಳಿಗೆ ಕಲಿಸಲು ಹೋದ, ಅವರು ಕಲಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಇವಳು ಕಲಿತಳು. ಮೂವತ್ತೈದರ ಹೆಂಗಸು, ಮಾತು ಕಡಿಮೆ, ಕೈ ಜೋರು.

ಶಂಕ್ರಪ್ಪ ಹೋದಾಗ ಅವಳು ಅಂಗಳದಲ್ಲಿ ಕೂತು ಒಡೆದ ಗಾಜಿನ ಚೂರಿನಿಂದ ಒಂದು ಮಂಚದ ಕಾಲನ್ನು ಹೆರೆಯುತ್ತಿದ್ದಳು. ತೊಟ್ಟಿಯ ನೀರಿನಲ್ಲಿ ಬೆತ್ತದ ಸೀಳುಗಳು ನೆನೆಯುತ್ತಿದ್ದವು.

“ಕೂಡ್ರಿ ಅಣ್ಣಾ. ಇದೊಂದು ಕಾಲು ಮುಗಿಸಿ ಬರ್ತೇನಿ,” ಎಂದಳು.

ಮಾಡಿನ ಕೆಳಗೆ ಕುರ್ಚಿಗಳ ಸಾಲಿತ್ತು. ಹೊಸ ಬೆತ್ತ, ಜೇನಿನ ಬಣ್ಣದ ಮೈ. ಶಂಕ್ರಪ್ಪ ಟೊಂಕ ಹಿಡಿದುಕೊಂಡು, ನೋವು ಬರುತ್ತದೆಂದು ಮೊದಲೇ ಮುಖ ಕಿವುಚಿಕೊಂಡು, ತುದಿಯ ಕುರ್ಚಿಯಲ್ಲಿ ಕೂತ.

ನೋವು ಬರಲಿಲ್ಲ.

ಅವನು ಕಿವುಚಿದ ಮುಖವನ್ನು ಹಾಗೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ಬೆನ್ನು ತಾನಾಗಿ ಹಿಂದಕ್ಕೆ ಹೋಗಿ ಒರಗಿತು, ದಾರಿ ಗೊತ್ತಿದ್ದ ಎತ್ತು ಕೊಟ್ಟಿಗೆಗೆ ಹೋದ ಹಾಗೆ. ಬಲಗೈ ಕುರ್ಚಿಯ ಕೈಯ ಮೇಲೆ ಇಳಿಯಿತು. ಅಲ್ಲಿ ಮೊಣಕೈ ಕೂರುವಷ್ಟು ಒಂದು ಸವೆದ ತಗ್ಗಿತ್ತು. ಮೊಣಕೈ ಅದರಲ್ಲಿ ಕೂತಿತು. ಶಂಕ್ರಪ್ಪ ಕಣ್ಣು ಮುಚ್ಚಿದ. ಎರಡು ತಿಂಗಳಿಂದ ಹಿಡಿದಿದ್ದ ಉಸಿರು ಹೊರಬಂತು. ಆಮೇಲೆ ಒಮ್ಮೆಲೆ ಕಣ್ಣು ಬಿಟ್ಟ. ಇಂಥ ತಗ್ಗು ಲೋಕದಲ್ಲಿ ಎರಡು ಕುರ್ಚಿಗೆ ಇರಲಾರದು.

ಎದ್ದು ಕುರ್ಚಿಯನ್ನು ಬೋರಲು ಮಾಡಿದ. ಕೂರುವ ಚೌಕಟ್ಟಿನ ಅಡಿಯಲ್ಲಿ ಬಿಳಿ ಬಣ್ಣದಲ್ಲಿ ಏಳು ಎಂದು ಬರೆದಿತ್ತು. ಪಕ್ಕದ್ದನ್ನು ಬೋರಲು ಮಾಡಿದ. ಮೂರು. ಅದರ ಪಕ್ಕದ್ದು ಹನ್ನೊಂದು. ಅವನು ಏಳನೇ ನಂಬರನ್ನು ನೆಟ್ಟಗೆ ಮಾಡಿ ಮತ್ತೆ ಅದರ ಮೇಲೆಯೇ ಕೂತ.

ಜರೀನಾ ಕೈ ಒರೆಸಿಕೊಂಡು ಬಂದಳು. “ಯಾವುದು ಬೇಕ್ರಿ?”

“ಬಾಯಾರ, ಈ ಕುರ್ಚಿ ಸುಟ್ಟು ಹೋಗ್ಯಾವ.”

“ಹೌದ್ರಿ, ಸುಟ್ಟಿದ್ವು. ಎಲ್ಲಾ ಕರ್ರಗಾಗಿದ್ವು. ಉಗುರಿನಷ್ಟು ಹೆರದ್ರ ಒಳಗ ಬಂಗಾರದಂಥಾ ಕಟ್ಟಿಗಿ.”

“ಹಂಗಲ್ಲ. ಸುಟ್ಟಾವ ಅಂತ ನಾ ಸಹಿ ಮಾಡೇನಿ.”

ಜರೀನಾ ಅವನನ್ನೂ ಕುರ್ಚಿಯನ್ನೂ ನೋಡಿದಳು. “ಮತ್ತ ನೀವು ಯಾವುದರ ಮ್ಯಾಲೆ ಕುಂತೀರಿ?”

ಶಂಕ್ರಪ್ಪ ಬಗ್ಗಿ ತಾನು ಕೂತ ಕುರ್ಚಿಯ ಕಾಲನ್ನು ಮುಟ್ಟಿ ನೋಡಿದ.

ಅವಳು ಮುಚ್ಚಿಡದೆ ಹೇಳಿದಳು. ಅವತ್ತು ಆ ದಾರಿಯಲ್ಲಿ ಹೋಗುವಾಗ ಸುಟ್ಟ ವಾಸನೆ ಬಂತು, ಬೇಲಿಯಲ್ಲಿ ಇಣುಕಿದಳು, ಸಾಗವಾನಿ ಸುಡುವುದನ್ನು ಕಂಡು ಹೊಟ್ಟೆ ಉರಿಯಿತು. ಗೂಳಪ್ಪನನ್ನು ಕೇಳಿದಳು. ಅವನು, ಹತ್ತದ ಕಟ್ಟಿಗೆಯನ್ನು ಎಷ್ಟು ಹೊತ್ತು ಕಾಯಲಿ, ಒಯ್ಯಿ ತಾಯಿ ಎಂದು ಬೇಲಿ ದಾಟಿಸಿ ಕೊಟ್ಟ. ಅದಕ್ಕೆ ಬದಲು ಅವಳು ಅವನ ತಾಯಿಯ ಹೊರಸಿಗೆ ಹೊಸ ನವಾರು ಪಟ್ಟಿ ಹೆಣೆದುಕೊಟ್ಟಳು. ಹನ್ನೆರಡರಲ್ಲಿ ಮೂರು ತೀರಾ ಹೋಗಿದ್ದವು. ಅವುಗಳ ಕಾಲು, ಕೈ, ಬೆನ್ನಿನ ಪಟ್ಟಿ ಬಿಚ್ಚಿ ಉಳಿದ ಒಂಬತ್ತಕ್ಕೆ ಹಾಕಿದ್ದಳು.

“ಈ ಕಟ್ಟಿಗಿ ನೋಡ್ರಿ,” ಎಂದು ಒಂದು ಕಾಲನ್ನು ಬೆರಳ ಗೆಣ್ಣಿನಿಂದ ಬಡಿದಳು. ಗಂಟೆಯ ಹಾಗೆ ಅಲ್ಲದಿದ್ದರೂ ಗಡಿಗೆಯ ಹಾಗೆ ಕೇಳಿಸಿತು. “ನಲವತ್ತು ಮಳಿಗಾಲ, ನಲವತ್ತು ಬ್ಯಾಸಗಿ ಕಂಡೈತಿ. ಕುಗ್ಗೂದು ಹಿಗ್ಗೂದು ಎಲ್ಲಾ ಮುಗಿಸಿ ಕುಂತೈತಿ. ಇನ್ನ ಎಲ್ಲಿಗೂ ಹೋಗಂಗಿಲ್ಲ. ನಿಮ್ಮ ಹೊಸಾ ಕುರ್ಚಿ ನಿನ್ನೆ ಮೊನ್ನೆ ಕಡಿದ ಮರ. ಅದಕ್ಕಿನ್ನೂ ತಾನು ಮರ ಅನ್ನೂದು ಮರತಿಲ್ಲ.”

“ಇವನ್ನ ಏನ್ ಮಾಡ್ತೀರಿ ಈಗ?”

“ಹಳಿಯಾಳದಾಗ ಕುರ್ಚಿ ಯಾರಿಗೆ ಬೇಕ್ರಿ, ಎಲ್ಲಾರೂ ಕಟ್ಟಿ ಮ್ಯಾಲೆ ಕುಂದರ್ತಾರ. ಮುಂದಿನ ವಾರ ನಮ್ಮವರ ಲಾರಿ ಖಾಲಿ ಹೋಗತೈತಿ. ದಾಂಡೇಲಿ ಆಫೀಸರ ಬಂಗಲಾಕ್ಕ ಒಯ್ಯಬೇಕು ಅಂತ. ನಿಮಗ ಅಂಜಿಕಿ ಇದ್ರ ಆ ನಂಬರ್ ಹೆರದು ಬಿಡ್ತೇನಿ.”

“ಬ್ಯಾಡ, ಬ್ಯಾಡ. ಅದು ಸುಳ್ಳ ಆಗತೈತಿ.”

“ಮತ್ತ ಸುಟ್ಟು ಬಿಡ್ರಿ.” ಜರೀನಾ ಒಲೆಯ ಬಳಿಯಿಂದ ಕಡ್ಡಿಪೆಟ್ಟಿಗೆ ತಂದು ಅವನ ಕೈಗೆ ಕೊಟ್ಟಳು. ಸಿಟ್ಟಿನಿಂದ ಕೊಡಲಿಲ್ಲ, ನೀರು ಕೇಳಿದವನಿಗೆ ನೀರು ಕೊಟ್ಟ ಹಾಗೆ ಕೊಟ್ಟಳು. “ಒಂದೊಂದಕ್ಕ ಎಂಟೆಂಟು ದಿನಾ ಹಾಕೇನಿ. ನಾ ಒಳಗ ಹೋಗ್ತೇನಿ, ನೀವ ಸುಡ್ರಿ. ನನ್ನ ಕಣ್ಣಿಲೆ ನೋಡಾಕ ಆಗೂದಿಲ್ಲ.”

ಅವಳು ನಿಜವಾಗಿ ಒಳಗೆ ಹೋದಳು. ಶಂಕ್ರಪ್ಪ ಕಡ್ಡಿಪೆಟ್ಟಿಗೆ ಹಿಡಿದುಕೊಂಡು ವಿಚಾರ ಮಾಡಿದ. ವಿಚಾರ ಮಾಡಲು ಕೂರಬೇಕಾಗಿತ್ತು, ಕೂತಿದ್ದು ಆ ಕುರ್ಚಿಯಲ್ಲಿ. ಅರ್ಧ ತಾಸಿನ ಮೇಲೆ ಜರೀನಾ ಹೊರಗೆ ಬಂದಾಗ ಹೆಡ್‌ಕ್ಲಾರ್ಕ್ ಸಾಹೇಬರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಅವಳು ಕಡ್ಡಿಪೆಟ್ಟಿಗೆಯನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು ಚಹಾಕ್ಕೆ ಒಲೆ ಹಚ್ಚಿದಳು.

ಮನೆಗೆ ಬಂದ ಶಂಕ್ರಪ್ಪನಿಗೆ ಹುಟ್ಟಿದ್ದು ಒಂದೇ ಆಸೆ: ಮುಂದಿನ ವಾರ ಬೇಗ ಬರಲಿ, ಲಾರಿ ದಾಂಡೇಲಿಗೆ ಹೋಗಲಿ, ಆ ಕುರ್ಚಿಗಳು ತನ್ನ ಕಣ್ಣಿಗೆ ಮತ್ತೆ ಬೀಳದಿರಲಿ. ಇಂಥ ಆಸೆ ಹುಟ್ಟಿದ್ದಕ್ಕೆ ನಾಚಿಕೆಯೂ ಆಯಿತು. ಗೂಳಪ್ಪನನ್ನು ಕೇಳಿದಾಗ ಅವನು ಕಾಲು ಹಿಡಿಯಲು ಬಂದ. “ನಮ್ಮವ್ವ ಹೊಸಾ ನವಾರಿನ ಮ್ಯಾಲೆ ನಿದ್ದಿ ಮಾಡಾಕ ಹತ್ಯಾಳ್ರಿ, ನಾಕು ವರ್ಷದ ಮ್ಯಾಲೆ,” ಎಂದ. ಶಂಕ್ರಪ್ಪ ಕಾಲು ಹಿಂದಕ್ಕೆ ತೆಗೆದುಕೊಂಡ.

ಲಾರಿ ಹೋಗುವ ಮುಂಚೆ ಜರೀನಾಳ ಮನೆಗೆ ಸಾಹೇಬರು ಹೋದರು. ತಪಾಸಣೆಯ ಟಿಪ್ಪಣಿ ಬಂದಂದಿನಿಂದ ಅವರಿಗೆ ಒಂದೇ ಚಿಂತೆ, ಗಟ್ಟಿ ಕುರ್ಚಿ. ಯಾರೋ ಜರೀನಾಳ ಹೆಸರು ಹೇಳಿದರು. ಸಾಹೇಬರು ಜೀಪು ಹತ್ತಿ ಹೋಗಿ ಒಂಬತ್ತೂ ಕುರ್ಚಿಯ ಮೇಲೆ ಕೂತು ಎದ್ದು, ಒಂಬತ್ತನ್ನೂ ಬಂಡಿಯಲ್ಲಿ ಹೇರಿಸಿಕೊಂಡು ಬಂದರು. ಯಾವ ಕಚೇರಿಗೆ ಎಂದು ಜರೀನಾ ಕೇಳಿದಾಗ ಅವರು ಹೆಸರು ಹೇಳಿದರು. ಅವಳು “ಹೆಡ್‌ಕ್ಲಾರ್ಕ್ ಅಣ್ಣಾರನ್ನ ಕೇಳಿ ಒಯ್ರಿ,” ಎಂದಳು. ತನಗಿಂತ ಕೆಳಗಿನವನನ್ನು ಕೇಳುವ ಪದ್ಧತಿ ಸಾಹೇಬರಲ್ಲಿ ಇರಲಿಲ್ಲ.

“ನೋಡಿ ಶಂಕ್ರಪ್ಪ!” ಸಾಹೇಬರು ಅಂಗಳದಲ್ಲೇ ಕೂಗಿದರು. “ಹೊಸ ಕುರ್ಚಿ ಅಂದ್ರೆ ಇದು. ಎಷ್ಟು ಚೆನ್ನಾಗಿದೆ! ಆ ಹಳೇ ಡಕೋಟಾ ಕುರ್ಚಿಗಳಲ್ಲಿ ಇಷ್ಟು ವರ್ಷ ಹೇಗೆ ಕೂತಿದ್ರೋ ನೀವೆಲ್ಲ. ಪರೀಕ್ಷೆ ಮಾಡಿ, ಎಲ್ಲಾ ಹೊಸವು, ಗಟ್ಟಿಯಾಗಿವೆ ಅಂತ ಬರೆದು ಸಹಿ ಹಾಕಿಬಿಡಿ.”

ಶಂಕ್ರಪ್ಪ ಊಟಕ್ಕೆಂದು ಮನೆಗೆ ಹೋದವನು ತಟ್ಟೆಗೆ ಕೈ ಹಾಕದೆ ಕೂತ. ಶಿವಗಂಗವ್ವ ಕೇಳಿದಳು. ಅವನು ಎಲ್ಲ ಹೇಳಿದ.

“ಹೊಸವು ಅಂತ ಬರದ್ರ ಏನಾಗತೈತಿ?” ಎಂದಳು.

“ಮೊದಲನೇ ಸಹಿ ಗೊತ್ತಿಲ್ಲದ ಆದ ಸುಳ್ಳು. ಇದು ಗೊತ್ತಿದ್ದು ಮಾಡಿದ ಸುಳ್ಳು.”

“ಬರೀದಿದ್ರ?”

“ನೌಕರಿಗೆ ಕುತ್ತು ಬರಬಹುದು.”

ಶಿವಗಂಗವ್ವ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದಳು. “ಸುಳ್ಳು ಬರದು ಬಂದ ದಿನಾ ನೀವು ಹೆಂಗ ಇರ್ತೀರಿ ಅಂತ ನಾ ನೋಡಿಲ್ಲ. ನೋಡೂ ಆಸೇನೂ ಇಲ್ಲ. ಟೊಂಕದ ಬ್ಯಾನೀನ ಸಾಕಾಗೇತಿ ನನಗ. ಉಣ್ರಿ.”

ಅವನು ಉಂಡು, ಕಚೇರಿಗೆ ಹೋಗಿ, ಏಳನೇ ನಂಬರಿನ ಕುರ್ಚಿಯನ್ನು ಹೊತ್ತುಕೊಂಡು ಸಾಹೇಬರ ಕೋಣೆಗೆ ನಡೆದ. ಅದನ್ನು ಮೇಜಿನ ಮುಂದೆ ಬೋರಲು ಇಟ್ಟ.

ಸಾಹೇಬರು ನಂಬರು ನೋಡಿದರು. ಬಹಳ ಹೊತ್ತು ನೋಡಿದರು.

“ನೀವು ಇದನ್ನ ಸುಡಲಿಲ್ವೇ?”

“ಸುಟ್ಟೇನ್ರಿ. ಸುಟ್ಟದ್ದು ಸಾಕಾಗಲಿಲ್ಲ.”

“ಅಂದ್ರೆ ಇದು...”

“ನೀವು ದುರಸ್ತಿಗೆ ಯೋಗ್ಯವಲ್ಲ ಅಂತ ಬರದದ್ದರಿ.”

ಸಾಹೇಬರು ಎದ್ದು ಬಾಗಿಲು ಮುಚ್ಚಿ ಬಂದು ಕೂತರು. ಕೂತದ್ದು ಮೂರನೇ ನಂಬರಿನ ಮೇಲೆ. ಕೈ ತಾನಾಗಿ ಅದರ ಕೈಯನ್ನು ಸವರಿತು, ಆಮೇಲೆ ಗಾಬರಿಯಾಗಿ ಹಿಂದೆ ಸರಿಯಿತು. ಅವರು ದನಿ ತಗ್ಗಿಸಿ, ಹೊಸವು ಎಂದು ಬರೆದರೆ ಇಬ್ಬರಿಗೂ ಕ್ಷೇಮ ಎಂದರು. ನಿಮ್ಮ ಹಿತಕ್ಕೇ ಹೇಳುತ್ತಿದ್ದೇನೆ ಎಂದರು. ಶಂಕ್ರಪ್ಪ ಕೈಕಟ್ಟಿಕೊಂಡು ನಿಂತಿದ್ದ.

“ನಾ ಆದದ್ದನ್ನ ಬರೀತೇನ್ರಿ,” ಎಂದ. “ನನ್ನ ತಪ್ಪಷ್ಟು ನಾ ಬರೀತೇನಿ. ನಿಮ್ಮದು ಏನು ಬರೀಬೇಕು ನೀವು ನೋಡ್ರಿ.”

ಬರೆದ. ಬೆಂಕಿ ಹತ್ತಿದ್ದನ್ನು ಕಂಡು ಒಳಗೆ ಹೋದೆ, ಪೂರ್ತಿ ಸುಡುವ ತನಕ ನಿಲ್ಲದೆ ಸಹಿ ಮಾಡಿದೆ, ತಪ್ಪು ನನ್ನದು ಎಂದು ಬರೆದ. ಗೂಳಪ್ಪನ ಹೆಸರು ಬರೆಯಲಿಲ್ಲ. ಕುರ್ಚಿಗಳು ಈಗ ಮೊದಲಿಗಿಂತ ಗಟ್ಟಿಯಾಗಿವೆ ಎಂಬುದನ್ನೂ ಬರೆದ, ಅದೂ ನಿಜವಾದ್ದರಿಂದ. ಸಾಹೇಬರು ಅದನ್ನು ಮೂರು ದಿನ ಮೇಜಿನ ಖಾನೆಯಲ್ಲಿಟ್ಟು ನಾಲ್ಕನೇ ದಿನ ಟಪಾಲಿಗೆ ಕೊಟ್ಟರು. ಯಾಕೆ ಕೊಟ್ಟರೆಂದು ಯಾರಿಗೂ ತಿಳಿಯಲಿಲ್ಲ. ಅವರು ಅಂಥ ಕೆಟ್ಟ ಮನುಷ್ಯರೇನೂ ಆಗಿರಲಿಲ್ಲ, ಬಾಗಿಲಲ್ಲಿ ನಿಂತು ನೋಡುವ ರೂಢಿ ಒಂದು ಬಿಟ್ಟರೆ.

ಮಳೆಗಾಲದ ನಡುವೆ ಉತ್ತರ ಬಂತು. ಶಿಕ್ಷೆಯ ಮಾತು ಇರಲಿಲ್ಲ. ಒಂದೇ ಪ್ರಶ್ನೆ ಇತ್ತು: ‘ದುರಸ್ತಿಗೆ ಯೋಗ್ಯವಲ್ಲವೆಂದು ತೀರ್ಮಾನವಾದ ಕುರ್ಚಿಗಳು ದುರಸ್ತಿಯಾದದ್ದು ಹೇಗೆ ಎಂಬುದನ್ನು ವಿವರವಾಗಿ ತಿಳಿಸತಕ್ಕದ್ದು.’

ಸಾಹೇಬರು ಕಾಗದವನ್ನು ಶಂಕ್ರಪ್ಪನ ಕಡೆ ತಳ್ಳಿದರು. ಶಂಕ್ರಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು, ಕೊಡೆ ಹಿಡಿದು ಜರೀನಾಳ ಮನೆಗೆ ಹೋದ.

“ಹೆಂಗ ಮಾಡಿದ್ರಿ, ಹೇಳ್ರಿ. ಬರಕೋತೇನಿ.”

“ಹೇಳಿದ್ರ ತಿಳೀತೈತೇನ್ರಿ ಇದು? ಕೈ ತೊಳಕೊಂಡು ಬರ್ರಿ.”

ನಾಲ್ಕು ಭಾನುವಾರ ಅವನು ಅಲ್ಲಿ ಕೂತ. ಒಡೆದ ಗಾಜಿನಿಂದ ಹೆರೆಯುವಾಗ ಕೈ ಯಾವ ಕಡೆ ಹೋಗಬೇಕೆಂದು ಕಲಿತ, ಎರಡು ಬೆರಳು ಕೊಯ್ದುಕೊಂಡ. ಸಡಿಲಾದ ಸಂದಿನಲ್ಲಿ ಮೊಳೆ ಹೊಡೆದರೆ ಕಟ್ಟಿಗೆ ಸೀಳುತ್ತದೆ, ಬಿದಿರಿನ ಗೂಟ ಕೂರಿಸಿದರೆ ಕಟ್ಟಿಗೆಯೂ ಗೂಟವೂ ಕೂಡಿ ಬಾಳುತ್ತವೆ ಎಂದು ನೋಡಿದ. ಅಗಸಿ ಎಣ್ಣೆ ಕುಡಿಸಿದಾಗ ಸತ್ತ ಹಾಗಿದ್ದ ಹಲಗೆಯೊಳಗಿನಿಂದ ಗೆರೆಗಳು ಎದ್ದು ಬರುವುದನ್ನು ಕಂಡು, ಬರೆಯುವುದನ್ನು ಮರೆತು ಬಾಯಿ ತೆರೆದುಕೊಂಡು ಕೂತ. ಬೆತ್ತ ಮಾತ್ರ ಅವನ ಕೈಗೆ ಒಗ್ಗಲಿಲ್ಲ. ನೆನೆಸಿದ ಸೀಳನ್ನು ತೂತಿನಲ್ಲಿ ಪೋಣಿಸಿ ಎಳೆದರೆ ತುಂಡಾಗುತ್ತಿತ್ತು.

“ನೀವು ಜಗ್ಗತೀರಿ,” ಎನ್ನುತ್ತಿದ್ದಳು ಜರೀನಾ. “ಜಗ್ಗಬ್ಯಾಡ್ರಿ, ಕರೀರಿ. ಬರತೈತಿ.”

ಮಿಲ್ಲಿನಿಂದ ಬಂದ ಸಿಕಂದರ ಲಾರಿ ನಿಲ್ಲಿಸಿ, ಹೆಡ್‌ಕ್ಲಾರ್ಕರು ತನ್ನ ಅಂಗಳದಲ್ಲಿ ಧೋತರ ಎತ್ತಿಕಟ್ಟಿ ಕುರ್ಚಿಯ ಕಾಲು ಹೆರೆಯುವುದನ್ನು ಕಂಡ. ಏನಾದರೂ ಕೇಳಬೇಕೆಂದುಕೊಂಡ. ಹೆಂಡತಿಯ ಮುಖ ನೋಡಿ ಸುಮ್ಮನೆ ಕೈಕಾಲು ತೊಳೆಯಲು ಹೋದ.

ಶಂಕ್ರಪ್ಪನ ವಿವರಣೆ ಹನ್ನೊಂದು ಪುಟ ಆಯಿತು. ಹಳೆಯ ಕಟ್ಟಿಗೆಯನ್ನು ಸುಡುವ ಮುಂಚೆ ಹೆರೆದು ನೋಡಬೇಕು, ಹನ್ನೆರಡು ಕೆಟ್ಟದ್ದರಲ್ಲಿ ಒಂಬತ್ತು ಒಳ್ಳೆಯದು ಇರುತ್ತದೆ, ಒಣಗಿ ಗಟ್ಟಿಯಾದ ಸಾಗವಾನಿ ಬೇಕಾದರೆ ಇವತ್ತು ಮರ ಕಡಿದು ನಲವತ್ತು ವರ್ಷ ಕಾಯಬೇಕಾಗುತ್ತದೆ, ಅಷ್ಟು ದಿನ ನಿಂತು ಬರೆಯುವುದು ಸಿಬ್ಬಂದಿಗೆ ಆಗುವ ಕೆಲಸವಲ್ಲ ಎಂದೆಲ್ಲ ಬರೆದ. ಕೆಲಸ ಮಾಡಿದವರು ಜರೀನಾ, ಸಿಕಂದರನ ಹೆಂಡತಿ ಎಂದು ಬರೆದು, ಆಮೇಲೆ ‘ಸಿಕಂದರನ ಹೆಂಡತಿ’ ಎಂಬುದನ್ನು ಹೊಡೆದು ‘ಬೆತ್ತದ ಕೆಲಸದವರು’ ಎಂದು ತಿದ್ದಿದ.

ಅದಕ್ಕೆ ಬಂದ ಉತ್ತರ ಒಂದೇ ಲಕೋಟೆಯಲ್ಲಿ ಎರಡು ಕಾಗದವಾಗಿ ಬಂತು. ಮೊದಲನೆಯದರಲ್ಲಿ, ಪೂರ್ತಿ ಸುಡದೆ ಸುಟ್ಟೆನೆಂದು ವರದಿ ಕೊಟ್ಟ ಹೆಡ್‌ಕ್ಲಾರ್ಕರಿಗೆ ತೀವ್ರ ತಾಕೀತು ಮಾಡಲಾಗಿದೆ, ಅದನ್ನು ಅವರ ನೌಕರಿಯ ಪುಸ್ತಕದಲ್ಲಿ ದಾಖಲು ಮಾಡತಕ್ಕದ್ದು ಎಂದಿತ್ತು. ಎರಡನೆಯದರಲ್ಲಿ, ಇನ್ನು ಮುಂದೆ ಯಾವ ಕಚೇರಿಯೂ ಹಳೆಯ ಕುರ್ಚಿ ಮೇಜುಗಳನ್ನು ಸುಡುವ ಮುಂಚೆ ಹಳಿಯಾಳದಲ್ಲಿ ತೋರಿಸಿ ಅಭಿಪ್ರಾಯ ಪಡೆಯತಕ್ಕದ್ದು ಎಂದಿತ್ತು. ಎರಡಕ್ಕೂ ಒಬ್ಬರದೇ ಸಹಿ.

ತಾಕೀತನ್ನು ತನ್ನ ಪುಸ್ತಕದಲ್ಲಿ ಶಂಕ್ರಪ್ಪನೇ ಬರೆಯಬೇಕಾಯಿತು, ಕಚೇರಿಯಲ್ಲಿ ಅಂಥವನ್ನು ಬರೆಯುವವನು ಅವನೇ ಆದ್ದರಿಂದ. ದುಂಡಗಿನ ಅಕ್ಷರದಲ್ಲಿ, ಒಂದು ತಪ್ಪಿಲ್ಲದೆ ಬರೆದ. ಇಪ್ಪತ್ತೆರಡು ವರ್ಷದ ಬಿಳಿ ಪುಟಗಳ ನಡುವೆ ಅದು ಕಪ್ಪಗೆ ಕಂಡಿತು. ಗೂಳಪ್ಪ ದೂರದಿಂದ ನೋಡುತ್ತಿದ್ದವನು ಹತ್ತಿರ ಬಂದು ಮೇಜು ಒರೆಸಿದ. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದ.

ದಸರೆಯ ಹೊತ್ತಿಗೆ ಮುಂಡಗೋಡದಿಂದ ಒಂದು ಬಂಡಿ ಬಂತು, ಆಮೇಲೆ ಜೋಯಿಡಾದಿಂದ ಒಂದು. ಮೂರು ಕಾಲಿನ ಮೇಜು, ಬೆನ್ನಿಲ್ಲದ ಬೆಂಚು, ಬಾಗಿಲು ಹಾಕಲು ಬಾರದ ಕಪಾಟು. ಜರೀನಾಳ ಅಂಗಳ ಹಿಡಿಯದೆ ಪಕ್ಕದ ಬಯಲಿಗೂ ಮಾಡು ಹಾಕಿದರು. ಸಿಕಂದರ ಲಾರಿ ಬಿಟ್ಟು ಮನೆಯಲ್ಲೇ ನಿಂತ. ಬಿದಿರು ಹೊತ್ತು ಹೊತ್ತು ಸಾಕಾಗಿತ್ತು ಎಂದು ಎಲ್ಲರಿಗೂ ಹೇಳುತ್ತಿದ್ದ, ಹೆಂಡತಿ ಕರೆದದ್ದಕ್ಕೆ ನಿಂತೆ ಎಂದು ಯಾರಿಗೂ ಹೇಳಲಿಲ್ಲ. ಮಹಾದೇವಕ್ಕ ಎಂಬ ಒಬ್ಬ ವಿಧವೆ ಬೆತ್ತ ಸೀಳುವುದನ್ನು ಕಲಿತು ದಿನಾ ಬರತೊಡಗಿದಳು. ಬಂಡಿಯಲ್ಲಿ ಬಂದದ್ದರಲ್ಲಿ ಕೆಲವನ್ನು ಜರೀನಾ ಬಡಿದು ನೋಡಿ “ಇದು ಮುಗದೈತಿ, ಒಲಿಗೆ ಹಾಕ್ರಿ” ಎಂದೂ ಹೇಳುತ್ತಿದ್ದಳು. ಅದನ್ನು ಬರೆದುಕೊಳ್ಳಲು ಶಂಕ್ರಪ್ಪ ಹೋಗಬೇಕಾಗುತ್ತಿತ್ತು. ಈಗ ಅವನು ಬೂದಿಯಾಗುವ ತನಕ ನಿಂತು ನೋಡುತ್ತಿದ್ದ.

ಭಾನುವಾರ ಮಾತ್ರ ಯಾರ ಆಜ್ಞೆಯೂ ಇಲ್ಲದೆ ಹೋಗುತ್ತಿದ್ದ. ಒಂದು ಕಾಲಿಲ್ಲದ ಸಣ್ಣ ಕುರ್ಚಿಯನ್ನು ಜರೀನಾಳಿಂದ ಕೇಳಿ ಇಸಿದುಕೊಂಡಿದ್ದ. ಅದಕ್ಕೆ ಕಾಲು ಕೂರಿಸಿದ, ಹೆರೆದ, ಎಣ್ಣೆ ಕುಡಿಸಿದ, ಅರಗಿನ ಮೆರುಗು ಹಚ್ಚಿದ. ಬೆತ್ತ ಹೆಣೆಯಲು ಎರಡು ತಿಂಗಳು ಹಿಡಿಯಿತು. ಎಷ್ಟು ಸೀಳು ಹರಿದವೆಂದು ಸಿಕಂದರನಿಗೆ ಮಾತ್ರ ಗೊತ್ತು, ತಂದವನು ಅವನಾದ್ದರಿಂದ. ಕೊನೆಗೊಂದು ಭಾನುವಾರ ಮುಂಜಾನೆ ಅದನ್ನು ತಲೆಯ ಮೇಲೆ ಹೊತ್ತುಕೊಂಡು, ನೆಟ್ಟಗೆ ನಡೆದು ಮನೆಗೆ ಬಂದ. ಶಿವಗಂಗವ್ವ ಅಂಗಳದಲ್ಲಿ ನಿಂತಿದ್ದಳು.

“ಕೂಡು,” ಎಂದ.

ಅವಳು ಸೆರಗು ಸರಿಮಾಡಿಕೊಂಡು ಕೂತಳು. ಸ್ವಲ್ಪ ಎಡಕ್ಕೆ ಸರಿದಳು, ಸ್ವಲ್ಪ ಬಲಕ್ಕೆ ಸರಿದಳು. ಎದ್ದು ಬೆತ್ತವನ್ನು ನೋಡಿದಳು. ಹೆಣಿಕೆ ಒಂದು ಮೂಲೆಯಿಂದ ಶುರುವಾಗಿ ಇನ್ನೊಂದು ಮೂಲೆಗೆ ಹೋಗುವಾಗ ದಾರಿ ತಪ್ಪಿತ್ತು.

“ಸೊಟ್ಟ ಐತಿ,” ಎಂದಳು.

“ಹೌದು.”

ಅವಳು ಒಳಗೆ ಹೋಗಿ ಮೆಂತ್ಯದ ಸೊಪ್ಪಿನ ಮೊರ ತಂದು, ಮತ್ತೆ ಆ ಕುರ್ಚಿಯ ಮೇಲೆ ಕೂತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಸೊಪ್ಪು ಸೋಸತೊಡಗಿದಳು. ಒಂದು ಹೊತ್ತಿನ ಸಾರಿಗೆ ಬೇಕಾದ ಸೊಪ್ಪು ಅದು. ಬಿಸಿಲು ನೆತ್ತಿಗೆ ಬಂದರೂ ಅವಳು ಸೋಸುತ್ತಲೇ ಇದ್ದಳು.